ಕೆನೆಯೋ, ಬೆಣ್ಣೆಯೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು, ಕಟ್ಟಿದ ಮನೆಗೆ ಬಣ್ಣ ಹಚ್ಚಿಸಿ ನೋಡು ಎಂಬ ಮೂರನೆಯ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಸೇರಿಸುವ ಅಗತ್ಯವೇ ಅವರಿಗೆ ಬೀಳಲಿಲ್ಲವೆನ್ನಬೇಕು. ಅವರ ಕಾಲದಲ್ಲಿ ಸಾಮಾನ್ಯರ ಮನೆಯ ಗೋಡೆಗೆ ಇದ್ದದ್ದು ಸುಣ್ಣ ಒಂದೇ. ಹಬ್ಬಕ್ಕೆ ಮುಂಚೆ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ತೆಳುಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸಿ ಬಳಿದರೆ ಮನೆಯೆಲ್ಲ ಹೊಸದಾಗುತ್ತಿತ್ತು. ಬಳಿಯುವಾಗ ಗೋಡೆಯ ಮೇಲೆ ಹೆಚ್ಚೇನೂ ಕಾಣದು. ನೀರು ಆರಿ, ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತ ಬಂದಂತೆ ಬಿಳುಪು ತಾನಾಗಿ ಮೂಡುವುದು. ಕೊನೆಗೆ ಗೋಡೆಯ ಬುಡಕ್ಕೆ ಗೇಣಗಲದ ಕೆಮ್ಮಣ್ಣಿನ ಪಟ್ಟೆಯೊಂದನ್ನು ಎಳೆದರೆ ಕೆಲಸ ಮುಗಿಯಿತು. ಜಗಳವಾಡಬೇಕೆಂದಿದ್ದ ಗಂಡಹೆಂಡಿರು ಬೇರೆ ವಿಷಯವನ್ನು ಹುಡುಕಿಕೊಳ್ಳಬೇಕಾಗಿತ್ತು.

ಈಗಿನ ಬಣ್ಣದ ಅಂಗಡಿಗೆ ಹೋದವರಿಗೆ ಆ ಸುಖವಿಲ್ಲ. ಅಂಗಡಿಯವರು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಪುಸ್ತಕವೊಂದನ್ನು ನಮ್ಮ ಮುಂದೆ ಹರಡುತ್ತಾರೆ. ಅದರಲ್ಲಿ ಬಿಳಿಯೆಂಬ ಒಂದೇ ವಂಶಕ್ಕೆ ಹತ್ತಾರು ಕವಲುಗಳು. ಒಂದೊಂದಕ್ಕೂ ಒಂದೊಂದು ಕಾವ್ಯಮಯವಾದ ಹೆಸರು. ಹೆಸರಿನಲ್ಲಿ ಚಂದ್ರನಿದ್ದಾನೆ, ಹಂಸವಿದೆ, ಮುತ್ತಿದೆ. ಬಣ್ಣ ಯಾವುದೆಂಬ ಸುಳಿವು ಮಾತ್ರ ಇಲ್ಲ. ಬೇಕಾದ ಸಂಖ್ಯೆಯನ್ನು ಹೇಳಿದರೆ, ಮೂಲೆಯಲ್ಲಿರುವ ಯಂತ್ರವು ಬಿಳಿಯ ಡಬ್ಬಕ್ಕೆ ಕಪ್ಪು, ಕಾವಿ, ಹಳದಿ ಮೊದಲಾದ ದ್ರವಗಳನ್ನು ಹನಿ ಲೆಕ್ಕದಲ್ಲಿ ಸುರಿದು, ಚೆನ್ನಾಗಿ ಕುಲುಕಿ, ಕೆಲವೇ ನಿಮಿಷಗಳಲ್ಲಿ ಸಿದ್ಧಪಡಿಸುತ್ತದೆ. ಒಂದು ಬಣ್ಣಕ್ಕೂ ಅದರ ನೆರೆಯ ಬಣ್ಣಕ್ಕೂ ಇರುವ ಅಂತರ ಎಷ್ಟೋ ವೇಳೆ ಹಳದಿಯ ಕೆಲವು ಹನಿಗಳು ಮಾತ್ರ. ಅಂಥ ಕೆಲವು ಹನಿಗಳು ನಮ್ಮ ಮನೆಯಲ್ಲಿ ಮೂರು ತಿಂಗಳ ಚರ್ಚೆಗೆ ಕಾರಣವಾದವು.

ಚರ್ಚೆ ನಡೆದದ್ದು ಬೆಂಗಳೂರಿನ ನಮ್ಮ ಮನೆಯ ಉತ್ತರದಿಕ್ಕಿನ ಕೋಣೆಯನ್ನು ಕುರಿತು. ತಂದೆಯವರು ತೀರಿಕೊಂಡ ಮೇಲೆ ಎರಡು ವರ್ಷ ಮೈಸೂರಿನ ಮನೆಯಲ್ಲಿ ಒಬ್ಬರೇ ಇದ್ದ ನಮ್ಮ ತಾಯಿಯವರು ಕೊನೆಗೂ ನಮ್ಮಲ್ಲಿಗೆ ಬರಲು ಒಪ್ಪಿದ್ದರು. ಒಪ್ಪಿದ್ದರೆನ್ನುವುದಕ್ಕಿಂತ, ಬೇಡವೆನ್ನುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೆನ್ನುವುದೇ ಸರಿ. ಬಂದು ತಿಂಗಳಾದರೂ ತಂದ ಟ್ರಂಕನ್ನು ಅವರು ಪೂರ್ತಿಯಾಗಿ ಬಿಚ್ಚಲಿಲ್ಲ. ನಿತ್ಯಕ್ಕೆ ಬೇಕಾದ ನಾಲ್ಕು ಸೀರೆ, ಜಪದ ಸರ, ಕನ್ನಡಕ ಇಷ್ಟು ಮಾತ್ರ ಹೊರಗೆ ಬಂದಿದ್ದವು. ಆ ಕೋಣೆಯನ್ನು ಅವರು "ನಿಮ್ಮ ಹಿಂದಿನ ರೂಮು" ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಣ್ಣ ಹಚ್ಚಿಸಿಕೊಟ್ಟರೆ ಅದು ಅವರದೇ ಕೋಣೆಯಾದೀತೆಂಬುದು ನಮ್ಮ ಆಸೆ.

ಇನ್ನೊಂದು ಸಣ್ಣ ಮುಳ್ಳೂ ಇತ್ತು. ಒಗೆದು ಬಂದ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ಅಮ್ಮ, "ಯಾಕಮ್ಮ, ಪಂಚೆ ಇಷ್ಟು ಹಳದಿಯಾಗಿದೆ? ನೀಲಿ ಸಾಲದೇನೋ" ಎನ್ನುತ್ತಿದ್ದರು. ನನ್ನಾಕೆ ಮೊದಮೊದಲು ನಕ್ಕಳು, ಆಮೇಲೆ ನೀಲಿ ಹೆಚ್ಚಿಸಿದಳು, ಅನಂತರ ಮೌನವಾದಳು. ಆ ಮೌನವು ಒಗೆತಕ್ಕೆ ಸಂಬಂಧಿಸಿದ್ದಲ್ಲವೆಂಬುದು ಸಂಸಾರಿಗಳಾದ ವಾಚಕರಿಗೆ ಹೇಳಬೇಕಾಗಿಲ್ಲ.

ಪುಸ್ತಕದಲ್ಲಿದ್ದ ಅಷ್ಟು ಬಣ್ಣಗಳನ್ನೂ ಸೋಸಿ ಕೊನೆಗೆ ಎರಡನ್ನು ಉಳಿಸಿಕೊಂಡೆವು. ಅವುಗಳ ಅಂಗಡಿಯ ಹೆಸರನ್ನು ಬಿಟ್ಟು, ಮನೆಮಟ್ಟಿಗೆ ಒಂದನ್ನು ಕೆನೆಯೆಂದೂ ಇನ್ನೊಂದನ್ನು ಬೆಣ್ಣೆಯೆಂದೂ ಕರೆದೆವು. ಎರಡೂ ಬಿಳಿಗೆ ಬಹಳ ಸಮೀಪ. ಬೆಣ್ಣೆಯಲ್ಲಿ ಹಳದಿ ಒಂದು ಕೂದಲೆಳೆಯಷ್ಟು ಹೆಚ್ಚು. ನನ್ನಾಕೆ ಕೆನೆಯ ಪಕ್ಷ, ನಾನು ಬೆಣ್ಣೆಯ ಪಕ್ಷ. "ಬೆಣ್ಣೆ ನಾಲ್ಕು ವರ್ಷಕ್ಕೆ ಹಳೆಯ ಗೋಡೆಯ ಹಾಗೆ ಕಾಣುತ್ತದೆ ರೀ" ಎಂದು ಆಕೆ. ಉತ್ತರದ ಕೋಣೆಗೆ ಕೆನೆ ಹಚ್ಚಿದರೆ ಮಳೆಗಾಲದಲ್ಲಿ ಮಬ್ಬು ಕವಿದಂತಿರುತ್ತದೆಂದು ನಾನು. ಅಮ್ಮನ ಅಭಿಪ್ರಾಯವನ್ನು ಕೇಳಿದೆವು. ಅವರು ಎರಡು ಚೀಟಿಗಳನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, "ಕೆನೆ ಕಡೆದರೆ ತಾನೆ ಬೆಣ್ಣೆ? ಎರಡೂ ಒಂದೇ ಹಾಲಿನದು. ಯಾವುದಾದರೂ ಹಚ್ಚಿ" ಎಂದರು. ನಮಗೆ ನಗು ಬಂತು. ಆದರೆ ನಿರ್ಣಯ ಬರಲಿಲ್ಲ.

ನಮ್ಮ ಬಣ್ಣದ ಮೇಸ್ತ್ರಿ ಅನುಭವಸ್ಥ. "ಚೀಟಿ ನೋಡಿ ಬಣ್ಣ ಹೇಳಬೇಡಿ ಸ್ವಾಮಿ, ಹಲಗೆ ನೋಡಿ ಹೇಳಿ" ಎಂದು, ಎರಡಡಿ ಚದರದ ಎರಡು ಹಲಗೆಗಳಿಗೆ ಪ್ರೈಮರ್ ಬಳಿದು, ಮೇಲೆ ಎರಡೆರಡು ಕೋಟು ಹಚ್ಚಿ, ಸುತ್ತ ಎರಡು ಬೆರಳಗಲ ಬಿಳಿಯ ಅಂಚನ್ನು ಬಿಟ್ಟುಕೊಟ್ಟ. ಅಂಚು ಏಕೆಂದರೆ, ಹಳೆಯ ಗೋಡೆಯ ಬಣ್ಣ ಹೊಸದರ ಪಕ್ಕಕ್ಕೇ ನಿಂತರೆ ಕಣ್ಣನ್ನು ದಾರಿತಪ್ಪಿಸುತ್ತದೆ. ಹಸಿಯಿರುವಾಗ ನಿರ್ಧರಿಸಬಾರದೆಂದೂ ಆತನೇ ಎಚ್ಚರಿಸಿದ. ಈಗಿನ ಎಮಲ್ಷನ್ ಬಣ್ಣಗಳು ಹಸಿಯಲ್ಲಿ ಹಾಲು ಬೆರೆತಂತೆ ತಿಳಿಯಾಗಿದ್ದು, ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತವೆ. ಸುಣ್ಣದ ಸ್ವಭಾವಕ್ಕೆ ಇದು ತದ್ವಿರುದ್ಧ. ಮತ್ತೊಂದು ಮಾತು: ಚೀಟಿಯಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೂ ಏರಿದಾಗ ಇನ್ನಷ್ಟು ದಟ್ಟವಾಗುತ್ತದೆ. ಒಂದು ಗೋಡೆಯಿಂದ ಹೊರಟ ಬೆಳಕು ಎದುರಿನ ಗೋಡೆಗೆ ತಾಗಿ, ಅಲ್ಲಿಂದ ಮತ್ತೊಂದಕ್ಕೆ ತಾಗಿ, ಪ್ರತಿಯೊಂದು ಭೇಟಿಯಲ್ಲಿಯೂ ಅದೇ ಬಣ್ಣವನ್ನು ಇನ್ನಷ್ಟು ಹಚ್ಚಿಕೊಳ್ಳುವುದೇ ಇದಕ್ಕೆ ಕಾರಣ.

ಹಲಗೆಗಳನ್ನು ಹಿಡಿದುಕೊಂಡು ನಾವು ಆ ಕೋಣೆಯಲ್ಲಿ ದೇವರ ಉತ್ಸವ ಹೊರಡಿಸಿದಂತೆ ಸುತ್ತಿದೆವು. ಬೆಳಗ್ಗೆ ಒಂದು ಗೋಡೆ, ಮಧ್ಯಾಹ್ನ ಇನ್ನೊಂದು, ದೀಪ ಹಚ್ಚಿದ ಮೇಲೆ ಮತ್ತೊಂದು. ಬೆಳಗ್ಗೆ ಬೇರೆಬೇರೆಯಾಗಿದ್ದ ಬಣ್ಣಗಳು ಸಂಜೆ ಅವಳಿಗಳಾದವು. ಉತ್ತರದ ಕಿಟಕಿಗೆ ವರ್ಷದ ಹೆಚ್ಚು ಭಾಗ ನೇರ ಬಿಸಿಲಿಲ್ಲ. ಆಕಾಶದಿಂದ ಚೆದುರಿ ಬರುವ ನೀಲಿಛಾಯೆಯ ಬೆಳಕೇ ಅದರ ಪಾಲು. ಆ ಬೆಳಕಿನಲ್ಲಿ ಕೆನೆಯು ಬೂದಿಯ ಕಡೆಗೆ ವಾಲುತ್ತಿತ್ತು. ಆದರೆ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ತಲೆಯ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಮೋಡವಿಲ್ಲದ ದಿನ ಬಿಸಿಲು ಒಳಗೆ ಬಂತೆಂದರೆ ಬೆಣ್ಣೆಗೆ ಅರಿಶಿನ ಸವರಿದಂತಾಗುತ್ತಿತ್ತು. ಹೀಗೆ ಕೆನೆಯ ಪಕ್ಷಕ್ಕೂ ಬೆಣ್ಣೆಯ ಪಕ್ಷಕ್ಕೂ ಪಂಚಾಂಗವೇ ಸಾಕ್ಷಿ ನುಡಿಯಿತು.

ರಾತ್ರಿಯದು ಬೇರೆಯೇ ಕಥೆ. ಈಗಿನ ಎಲ್‌ಇಡಿ ದೀಪಗಳ ಡಬ್ಬಿಯ ಮೇಲೆ 2700, 4000, 6500 ಎಂಬ ಕೆಲ್ವಿನ್ ಅಂಕೆಗಳು ಅಚ್ಚಾಗಿರುವುದನ್ನು ವಾಚಕರು ನೋಡಿರಬಹುದು. ಅಂಕೆ ಇಳಿದಷ್ಟೂ ಬೆಳಕು ಹಳೆಯ ಬಲ್ಬಿನಂತೆ ಹಳದಿ, ಏರಿದಷ್ಟೂ ನೀಲಿ. 2700ರ ದೀಪದ ಕೆಳಗೆ ಕೆನೆಯೇ ಬೆಣ್ಣೆಯಾಯಿತು. 6500ರ ಕೆಳಗೆ ಬೆಣ್ಣೆಯೂ ಕೆನೆಯಂತಾಯಿತು. ಇಪ್ಪತ್ತು ಲೀಟರು ಬಣ್ಣ ಮಾಡಲಾರದ ಕೆಲಸವನ್ನು ಒಂದು ದೀಪ ಮಾಡಿತು.

ನಮ್ಮ ಹೆಂಗಸರಿಗೆ ಇದೇನೂ ಹೊಸ ಸಂಗತಿಯಲ್ಲ. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ಆರಿಸುವ ಗೃಹಿಣಿ ಅದನ್ನು ಬಾಗಿಲ ಬಳಿಗೆ ಒಯ್ದು ಬಿಸಿಲಿನಲ್ಲಿ ಹಿಡಿದು ನೋಡದೆ ಹಣ ಕೊಡುವುದುಂಟೆ? ಒಳಗಿನ ದೀಪದಲ್ಲಿ ಸೀರೆಗೂ ರವಿಕೆಯ ಕಣಕ್ಕೂ ಅಕ್ಕತಂಗಿಯರ ಹೋಲಿಕೆ. ಬೀದಿಗೆ ಬಂದರೆ ಪರಿಚಯವೇ ಇಲ್ಲ. ಎರಡು ಬೇರೆ ಬೇರೆ ಬಣ್ಣದ ಮಿಶ್ರಣಗಳು ಒಂದು ಬೆಳಕಿನಲ್ಲಿ ಒಂದಾಗಿ ಕಂಡು ಇನ್ನೊಂದರಲ್ಲಿ ಬೇರೆಯಾಗುವುದನ್ನು ವಿಜ್ಞಾನಿಗಳು ಮೆಟಮೆರಿಸಂ ಎಂದು ಕರೆಯುತ್ತಾರೆ. ಆ ಹೆಸರನ್ನು ಕೇಳದೆಯೇ ನಮ್ಮ ಅತ್ತೆಯರು, ಅಜ್ಜಿಯರು ಅದರ ಮರ್ಮವನ್ನು ಬಲ್ಲವರಾಗಿದ್ದರು.

ಬೆಳಕಿನಂತೆಯೇ ನೆರೆಹೊರೆಯೂ ಬಣ್ಣವನ್ನು ಬದಲಿಸುತ್ತದೆ. ಇದಕ್ಕೊಂದು ಹಳೆಯ ಪ್ರಸಂಗವಿದೆ. ಪ್ಯಾರಿಸಿನ ಗೊಬೆಲಿನ್ಸ್ ಕಾರ್ಖಾನೆ ಚಿತ್ರಗಂಬಳಿಗಳ ನೇಯ್ಗೆಗೆ ಹೆಸರಾದದ್ದು. 1824ರಲ್ಲಿ ಮಿಷೆಲ್ ಯೂಜೆನ್ ಷೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿನ ಬಣ್ಣಗಾರಿಕೆಯ ಮೇಲ್ವಿಚಾರಕನಾದ. ಕಪ್ಪು ಉಣ್ಣೆಗೆ ಕಪ್ಪು ಸಾಲದೆಂಬ ದೂರು ಅವನ ಮುಂದೆ ಬಂತು. ಬೇರೆಡೆಯ ಕಪ್ಪು ಉಣ್ಣೆಯೊಂದಿಗೆ ಹೋಲಿಸಿ ನೋಡಿದರೆ ಉಣ್ಣೆಯಲ್ಲಿ ಯಾವ ಕೊರತೆಯೂ ಇಲ್ಲ. ತೊಂದರೆ ಇದ್ದದ್ದು ಆ ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ ಮತ್ತು ನೇರಳೆಗಳಲ್ಲಿ. ಬಣ್ಣವು ತನ್ನ ನೆರೆಯದನ್ನು ತನ್ನಿಂದ ದೂರ ತಳ್ಳಿ ತೋರಿಸುತ್ತದೆಂಬ ಈ ಅಂಶವನ್ನು ಆತ 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ. ಅಮ್ಮನ ಕೋಣೆಯಲ್ಲಿ ತೇಗದ ಕೆಂಪುಛಾಯೆಯ ಬೀರುವೊಂದಿದೆ. ಅದರ ಪಕ್ಕದಲ್ಲಿ ಹಲಗೆಗಳನ್ನಿಟ್ಟಾಗ ಎರಡೂ ಒಂದಿಷ್ಟು ಹಸಿರು ಕಕ್ಕಿದವು. ಬೀರು ಮಾತಾಡುವಂತಿದ್ದರೆ, ತನ್ನದೇನೂ ತಪ್ಪಿಲ್ಲವೆಂದೇ ಹೇಳುತ್ತಿತ್ತು.

ಇಷ್ಟೆಲ್ಲ ಆದರೂ ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಬೆಳಕನ್ನು, ಬೀರುವನ್ನು. ಮೂರನೆಯದೊಂದು ಇದೆಯೆಂಬುದು ಒಂದು ಬೆಳಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಗೊತ್ತಾಯಿತು. ಅಲ್ಲಿನ ಹೊಸ್ತಿಲೂ ನೆಲವೂ ಒಂದೇ ಬಣ್ಣದವು. ಹೊಸ್ತಿಲು ಕಾಣದೆ ಅಮ್ಮ ಎಡವಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. "ಈ ವಯಸ್ಸಿನಲ್ಲಿ ಇನ್ನೇನು ನೋಡಬೇಕಾಗಿದೆ" ಎಂದು ಎರಡು ವರ್ಷದಿಂದ ಕಣ್ಣಿನ ಡಾಕ್ಟರನ್ನು ದೂರವಿಟ್ಟಿದ್ದವರು ಅಂದು ಸುಮ್ಮನೆ ನಮ್ಮ ಜೊತೆ ಹೊರಟರು. ಎರಡು ಕಣ್ಣಿಗೂ ಪೊರೆ ಬಲಿತಿತ್ತು. ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ, ಅದು ಮಾಗಿದ ಮೇಲೆ ಎಡಗಣ್ಣಿಗೆ ಎಂದು ವೈದ್ಯರು ತಿಳಿಸಿದರು. "ಒಂದು ಸಾಕು, ಇನ್ನೊಂದರ ಮಾತು ಬೇಡ" ಎಂದು ಅಮ್ಮ ಅಲ್ಲಿಯೇ ಷರತ್ತು ಹಾಕಿದರು.

ಪೊರೆಯೆಂದರೆ ನೋಟ ಮಂಜಾಗುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಕಣ್ಣಿನ ಮಸೂರವು ವಯಸ್ಸಾದಂತೆ ಹಳದಿಗೆ, ಕೆಲವೊಮ್ಮೆ ಕಂದಿಗೆ ತಿರುಗಿ, ನೀಲಿಯ ಬೆಳಕನ್ನು ತಡೆಯತೊಡಗುತ್ತದೆ. ಇದು ವರ್ಷಾನುವರ್ಷ ಮೆಲ್ಲಗೆ ನಡೆಯುವುದರಿಂದ ಆ ಕಣ್ಣಿನವರಿಗೇ ತಿಳಿಯುವುದಿಲ್ಲ. ನೈದಿಲೆಯ ಕೊಳವನ್ನು ಮತ್ತೆ ಮತ್ತೆ ಚಿತ್ರಿಸಿದ ಫ್ರಾನ್ಸಿನ ಕ್ಲಾಡ್ ಮೊನೆಗೆ 1912ರಲ್ಲಿ ಪೊರೆ ಇರುವುದು ಪತ್ತೆಯಾಯಿತು. 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಎಲ್ಲವೂ ಅತಿಯಾಗಿ ನೀಲಿ ಕಾಣುತ್ತದೆಂದು ಆತ ಕೊರಗಿದ. ಬಣ್ಣವನ್ನೇ ಬದುಕಾಗಿ ಮಾಡಿಕೊಂಡವನ ಪಾಡೇ ಹೀಗಾದರೆ, ಉಳಿದವರ ಮಾತೇನು?

ಹನಿ ಔಷಧ, ಕಪ್ಪು ಕನ್ನಡಕಗಳ ದಿನಗಳು ಮುಗಿದವು. ಒಂದು ಮಧ್ಯಾಹ್ನ ಗೋಡೆಗೊರಗಿಸಿದ್ದ ಹಲಗೆಗಳ ಮುಂದೆ ಅಮ್ಮ ಸ್ಟೂಲಿನ ಮೇಲೆ ಕುಳಿತಿದ್ದರು. ಅಂಗೈಯಿಂದ ಒಂದು ಕಣ್ಣನ್ನು ಮರೆಮಾಡಿ ನೋಡುವುದು, ಮತ್ತೆ ಇನ್ನೊಂದನ್ನು ಮರೆಮಾಡಿ ನೋಡುವುದು, ಹೀಗೆ ಮಕ್ಕಳಾಟದಂತೆ ನಡೆದಿತ್ತು. ನಮ್ಮನ್ನು ಕಂಡು, "ಇಲ್ಲಿ ಬನ್ನಿ. ಈ ಹಳೆಯ ಕಣ್ಣಿಗೆ ಎರಡೂ ಬೆಣ್ಣೆಯೇ, ಅದೂ ಕಾಯಿಸಿದ ಬೆಣ್ಣೆ. ಹೊಸ ಕಣ್ಣಿಗೆ ಇದು ಕೆನೆ, ಅದು ಬೆಣ್ಣೆ. ಬೇರೆ ಬೇರೆಯೇ ಕಣೋ!" ಎಂದರು. ಅನಂತರ ನಾನು ಉಟ್ಟಿದ್ದ ಪಂಚೆಯ ಅಂಚನ್ನು ಹಿಡಿದು ಅದನ್ನೂ ಹಾಗೆಯೇ ಎರಡು ಕಣ್ಣಿನಿಂದಲೂ ಪರೀಕ್ಷಿಸಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, "ಒಗೆತ ಮಲ್ಲಿಗೆಯ ಹಾಗಿದೆ ಕಣಮ್ಮ. ಹಳದಿ ಇದ್ದದ್ದು ಇಲ್ಲಿ" ಎಂದು ಎಡಗಣ್ಣನ್ನು ತೋರಿಸಿದರು. ನನ್ನಾಕೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದಳು. ಅದರಲ್ಲಿ ಎಂದಿಗಿಂತ ಡಿಕಾಕ್ಷನ್ ಗಟ್ಟಿಯಾಗಿತ್ತು, ಅಮ್ಮನಿಗೆ ಪ್ರಿಯವಾದಂತೆ.

ಒಂದೇ ಮುಖದಲ್ಲಿ ಒಂದಂಗುಲದಂತರದಲ್ಲಿರುವ ಎರಡು ಕಣ್ಣುಗಳೇ ಒಂದು ಗೋಡೆಯನ್ನು ಎರಡು ಬಗೆಯಾಗಿ ಕಾಣಬಹುದಾದರೆ, ಇಬ್ಬರು ಮನುಷ್ಯರ ನಾಲ್ಕು ಕಣ್ಣುಗಳು ಒಂದೇ ಬಣ್ಣವನ್ನು ಕಾಣಬೇಕೆಂಬ ಹಟವೇಕೆ? ಸರ್ ಸಿ. ವಿ. ರಾಮನ್ ಅವರು ಬೆಳಕಿನ ಚೆದುರುವಿಕೆಯ ಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿದ್ದವರು. ಅವರು ತಮ್ಮ ಇಳಿವಯಸ್ಸಿನಲ್ಲಿ ಹೂಗಳ ಬಣ್ಣವನ್ನೂ ಮನುಷ್ಯನ ನೋಟವನ್ನೂ ಕುರಿತು ಅಧ್ಯಯನ ಮಾಡಿ, 1968ರಲ್ಲಿ ದೃಷ್ಟಿಯ ಶರೀರವಿಜ್ಞಾನವನ್ನು ಕುರಿತ ಗ್ರಂಥವನ್ನೇ ಹೊರತಂದರು. ಬೆಳಕನ್ನು ಅಷ್ಟು ದೂರ ಹಿಂಬಾಲಿಸಿದವರು ಕೊನೆಗೆ ಕಣ್ಣಿನ ಬಾಗಿಲಿಗೆ ಬಂದು ನಿಂತರೆಂಬುದು ನನಗೆ ಅರ್ಥವತ್ತಾಗಿ ತೋರುತ್ತದೆ. ಬಣ್ಣವು ಡಬ್ಬದಲ್ಲಿ ಮುಗಿಯುವ ವಸ್ತುವಲ್ಲ. ಅದು ಡಬ್ಬದಲ್ಲಿ ಹೊರಟು, ಬೆಳಕಿನಲ್ಲಿ ಬೆಳೆದು, ನೋಡುವವರ ಕಣ್ಣಿನಲ್ಲಿ ಪೂರ್ಣವಾಗುತ್ತದೆ. ಆದ್ದರಿಂದ ಎರಡು ಸಮೀಪದ ಬಣ್ಣಗಳಲ್ಲಿ ಯಾವುದು ಒಳ್ಳೆಯದೆಂಬ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರವಿಲ್ಲ. ಯಾರ ಕಣ್ಣಿಗೆ, ಯಾವ ಹೊತ್ತಿನಲ್ಲಿ, ಯಾವ ದೀಪದ ಕೆಳಗೆ ಎಂದು ಕೇಳಿಕೊಂಡರೆ ಮಾತ್ರ ಉತ್ತರ ಬರಲು ಮೊದಲಾಗುತ್ತದೆ.

ಮೇಸ್ತ್ರಿ ಬಂದು, "ಯಾವುದು ಅಮ್ಮಾವ್ರೇ?" ಎಂದು ಅಮ್ಮನನ್ನೇ ಕೇಳಿದ. ನಾವಿಬ್ಬರೂ ಬಾಯಿ ಬಿಡಲಿಲ್ಲ. ಅಮ್ಮ ಸ್ವಲ್ಪ ಯೋಚಿಸಿ, "ಈಗ ಹೇಗಪ್ಪ ಹೇಳುವುದು? ಒಂದು ಕಣ್ಣು ಒಂದು ಹೇಳುತ್ತದೆ, ಇನ್ನೊಂದು ಇನ್ನೊಂದು ಹೇಳುತ್ತದೆ. ಮುಂದಿನ ತಿಂಗಳು ಎಡಗಣ್ಣಿಗೂ ಆಗಲಿ. ಎರಡೂ ಒಂದೇ ಮಾತು ಆಡಿದ ಮೇಲೆ ಹೇಳುತ್ತೇನೆ" ಎಂದರು. ಮೇಸ್ತ್ರಿಗೆ ಒಂದು ತಿಂಗಳ ಕೆಲಸ ಮುಂದೆ ಹೋಯಿತೆಂಬ ಬೇಸರ. ನಾನೂ ನನ್ನಾಕೆಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮುಂದಿನ ತಿಂಗಳೆಂಬ ಮಾತು ಅಮ್ಮನ ಬಾಯಿಂದ ಬಂದು ಎರಡು ವರ್ಷಗಳಾಗಿದ್ದವು.

ಎರಡನೆಯ ಕಣ್ಣೂ ಮಾಗಿದ ಮೇಲೆ ಅವರು ಆರಿಸಿದ್ದು ಬೆಣ್ಣೆಯನ್ನು. ಕಾರಣವನ್ನೂ ಕೊಟ್ಟರು: ಹೊಸ ಕಣ್ಣುಗಳಿಗೆ ಲೋಕವೆಲ್ಲ ನೀಲಿಯಲ್ಲಿ ಅದ್ದಿ ತೆಗೆದಂತಿದೆ, ಅದರ ಮೇಲೆ ಕೆನೆಯೂ ಸೇರಿದರೆ ಆಸ್ಪತ್ರೆಯಲ್ಲಿದ್ದಂತೆ ಆಗುತ್ತದೆ. ಆದರೆ ಸೊಸೆಯ ಕೆನೆಯನ್ನು ಅವರು ಕೈಬಿಡಲಿಲ್ಲ. ಅದು ಚಾವಣಿಗೆ ಏರಿತು. ಜೊತೆಗೆ ತಮ್ಮದೇ ಒಂದು ಬೇಡಿಕೆಯನ್ನು ಮುಂದಿಟ್ಟರು. "ನಮ್ಮಜ್ಜಿಯ ಮನೆಯಲ್ಲಿದ್ದ ಹಾಗೆ ಗೋಡೆಯ ಬುಡಕ್ಕೊಂದು ಕೆಮ್ಮಣ್ಣಿನ ಬಣ್ಣದ ಪಟ್ಟೆ ಎಳೆಯಪ್ಪ. ಹೊಸ್ತಿಲಿಗೂ ಅದನ್ನೇ ಹಚ್ಚು. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ರಾತ್ರಿ ಎದ್ದಾಗ ತಿಳಿಯಬೇಕು." ವಯಸ್ಸಾದವರ ಕಣ್ಣಿಗೆ ತಿಳಿಬಣ್ಣಗಳ ನವಿರಾದ ಭೇದಗಳಿಗಿಂತ ಕಪ್ಪುಬಿಳುಪಿನ ಸ್ಪಷ್ಟವಾದ ಅಂತರವೇ ದಾರಿ ತೋರುವುದೆಂದು ತಿಳಿದವರು ಹೇಳುತ್ತಾರೆ. ಹಿರಿಯರಿರುವ ಮನೆಯವರು ಹೊಸ್ತಿಲು, ಬಾಗಿಲ ಚೌಕಟ್ಟು, ದೀಪದ ಸ್ವಿಚ್ಚು ಇವನ್ನು ಗೋಡೆಯ ಬಣ್ಣದಿಂದ ಬೇರೆಯಾಗಿರಿಸಿದರೆ ಒಂದು ಬೀಳುವಿಕೆ ತಪ್ಪೀತು. ಕೆನೆಬೆಣ್ಣೆಗಳ ವ್ಯಾಜ್ಯದಲ್ಲಿ ನಮಗೆ ದೊರೆತ ನಿಜವಾದ ಲಾಭ ಇದೇ.

ಈಗ ಟ್ರಂಕು ಖಾಲಿಯಾಗಿ ಅಟ್ಟ ಸೇರಿದೆ. ತಂದೆಯವರ ಪಟ ಬೀರುವಿನ ಪಕ್ಕದ ಗೋಡೆಗೆ ಬಂದಿದೆ. ಮೊನ್ನೆ ನೆರೆಮನೆಯ ಹಿರಿಯರೊಬ್ಬರು ಅಮ್ಮನನ್ನು ನೋಡಲು ಬಂದವರು ಗೋಡೆಯನ್ನು ದಿಟ್ಟಿಸಿ, "ಬಿಳಿ ಬಣ್ಣ ಚೆನ್ನಾಗಿ ಕೂತಿದೆ" ಎಂದು ಮೆಚ್ಚಿದರು. ಅಮ್ಮ ಕೂಡಲೆ ತಿದ್ದಿದರು: "ಬಿಳಿಯಲ್ಲ, ಬೆಣ್ಣೆ. ನನ್ನ ಕೋಣೆಯಲ್ಲಿ ಬಣ್ಣ ನೋಡಬೇಕಾದರೆ ಕಿಟಕಿಯ ಹತ್ತಿರ ಬರಬೇಕು. ಅಂದ ಹಾಗೆ, ನಿಮ್ಮ ಕಣ್ಣು ತೋರಿಸಿಕೊಂಡು ಎಷ್ಟು ದಿನವಾಯಿತು?"